ಇತಿಹಾಸದ ಮೇಷ್ಟ್ರು ಬರೆದ ಗಣಿತ ಪರೀಕ್ಷೆ

ಇತಿಹಾಸದ ಮೇಷ್ಟ್ರು ಡಬ್ಬಿಗೆ ಕೈ ಹಾಕಿ ತೆಗೆದ ಚೀಟಿಯಲ್ಲಿ ‘ಗಣಿತ’ ಎಂದಿತ್ತು. ಯಾರೂ ನೋಡಲಿಲ್ಲವೆಂದುಕೊಂಡು ಅದನ್ನು ಮಡಚಿ ಮತ್ತೆ ಡಬ್ಬಿಯೊಳಗೆ ತುರುಕಲು ಹೋದರು. ಆದರೆ ಪಕ್ಕದಲ್ಲೇ ಲೈಬ್ರರಿ ಮೇಡಂ ನಿಂತಿದ್ದರು.

"ಗಣಿತ! ಮೇಷ್ಟ್ರಿಗೆ ಗಣಿತ ಬಂತು ಕಣ್ರೀ!" ಎಂದು ಆಕೆ ಕೂಗಿದ್ದು ಇಡೀ ಸ್ಟಾಫ್ ರೂಮಿಗೆ ಕೇಳಿಸಿತು. ಲೈಬ್ರರಿಯಲ್ಲಿ ಇಡೀ ದಿನ ಬಾಯಿ ಮುಚ್ಚಿಕೊಂಡಿರಬೇಕಾದ ಆ ಮಹಾತಾಯಿ, ಹೊರಗೆ ಬಂದಾಗ ಅದರ ಸೇಡು ತೀರಿಸಿಕೊಳ್ಳುತ್ತಿದ್ದರು.

ಮಕ್ಕಳನ್ನು ಕಾಲೇಜು ಪ್ರವೇಶಕ್ಕೆ ತಯಾರು ಮಾಡುವ ಆ ಪುಟ್ಟ ಖಾಸಗಿ ಶಾಲೆಯಲ್ಲಿ ಇದೊಂದು ಪದ್ಧತಿ. ವರ್ಷಕ್ಕೊಂದು ದಿನ ಮೇಷ್ಟ್ರುಗಳೂ ಪ್ರವೇಶ ಪರೀಕ್ಷೆ ಬರೆಯಬೇಕು, ಅದೂ ತಮ್ಮದಲ್ಲದ ವಿಷಯದಲ್ಲಿ. ಮಕ್ಕಳು ಮೇಲ್ವಿಚಾರಕರಾಗಿ ಬೆಂಚುಗಳ ನಡುವೆ ಗಂಭೀರವಾಗಿ ಓಡಾಡುತ್ತಾರೆ. ಸಂಜೆ ಸಭೆಯಲ್ಲಿ ಅಂಕ ಓದುತ್ತಾರೆ. ಕಲಿಸುವವರಿಗೆ ಕಲಿಯುವವರ ಕಷ್ಟ ಗೊತ್ತಿರಬೇಕು ಎಂಬುದು ಹೆಡ್ ಮೇಡಂ ವಾದ. ಹೋದ ವರ್ಷ ಸಾಹಿತ್ಯದಲ್ಲಿ ಮಣ್ಣು ಮುಕ್ಕಿದ ಪಿ.ಟಿ. ಮೇಷ್ಟ್ರನ್ನು ಮಕ್ಕಳು ಇವತ್ತಿಗೂ ‘ಕವಿಗಳೇ’ ಎಂದೇ ಕರೆಯುತ್ತಿದ್ದರು.

ಇತಿಹಾಸದ ಮೇಷ್ಟ್ರಿಗೆ ಅಡ್ಡಹೆಸರಿನ ಭಯವಿರಲಿಲ್ಲ. ಅವರ ಭಯ ಮಗಳದ್ದು. ಅದೇ ಶಾಲೆಯಲ್ಲಿ ಓದುತ್ತಿದ್ದ ಮಗಳಿಗೆ ಅವರು ಈ ವರ್ಷವಿಡೀ ಹೇಳಿದ್ದು ಒಂದೇ ಮಾತು: "ನಿನ್ನ ವಯಸ್ಸಲ್ಲಿ ನಾನು ಗಣಿತದಲ್ಲಿ ಫಸ್ಟು." ಎಷ್ಟು ಸಲ ಹೇಳಿದ್ದರೆಂದರೆ ಅವರ ಹೆಂಡತಿಯೂ ನಂಬಿಬಿಟ್ಟಿದ್ದಳು. ರಾತ್ರಿ ಊಟಕ್ಕೆ ಮುಂಚೆ ಮಗಳ ಮನೆಲೆಕ್ಕ ತಿದ್ದುವವರೂ ಅವರೇ. ತಪ್ಪು ಕಾಣದಿದ್ದರೆ ಅಪ್ಪನಾದವನು ಸುಮ್ಮನೆ ಕೂರುವುದು ಹೇಗೆ? ಅಲ್ಲೊಂದು ಇಲ್ಲೊಂದು ಅಂಕಿ ಹೊಡೆದುಹಾಕಿ ಮೇಲೊಂದು ಬರೆಯುತ್ತಿದ್ದರು. ಇಷ್ಟಾದರೂ ಮನೆಲೆಕ್ಕದಲ್ಲಿ ಮಗಳಿಗೆ ಅಂಕ ಬರುತ್ತಿರಲಿಲ್ಲ, ಆ ಅಂಕ ನೋಡಿಯೇ ಗುಂಪು ಮಾಡುವ ಶಾಲೆಯಲ್ಲಿ ಅವಳು ಹಿಂದುಳಿದವರ ಗುಂಪಿಗೆ ಬಿದ್ದಿದ್ದಳು. "ನಾನು ತಿದ್ದಿಕೊಟ್ಟಿದ್ದನ್ನ ನೆಟ್ಟಗೆ ನಕಲು ಮಾಡೋಕೂ ಬರಲ್ವಲ್ಲೇ ನಿನಗೆ!" ಎಂದು ಬೈಯುವಾಗ ಮೇಷ್ಟ್ರಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಇನ್ನು ಮಗಳ ಎದುರಿಗೇ ಸೊನ್ನೆ ಬಂದರೆ ಮನೆಗೆ ಯಾವ ಮುಖ ಹೊತ್ತುಕೊಂಡು ಹೋಗುವುದು?

ಪಿ.ಟಿ. ಮೇಷ್ಟ್ರು ಅವರನ್ನು ಮೂಲೆಗೆ ಎಳೆದುಕೊಂಡು ಹೋದರು. "ನನ್ನ ಗತಿ ನಿಮಗೆ ಬರಬಾರದು. ಬಲಗೈ ಕೊಡಿ ಇಲ್ಲಿ."

"ಯಾಕ್ರೀ?"

"ಉಳುಕಿದೆ ನಿಮ್ಮ ಕೈ. ಬರೆಯೋಕಾಗಲ್ಲ. ಅಷ್ಟೇ."

ಪಿ.ಟಿ. ಮೇಷ್ಟ್ರು ಎಂಥೆಂಥ ಆಟಗಾರರ ಕಾಲಿಗೋ ಪಟ್ಟಿ ಕಟ್ಟಿದ್ದ ಅನುಭವಸ್ಥರು. ಎರಡು ಮರದ ಸ್ಕೇಲು ಇಟ್ಟು, ಬೆರಳ ತುದಿಯಿಂದ ಮೊಣಕೈವರೆಗೆ ಪಟ್ಟಿ ಸುತ್ತಿ, ಕೊರಳಿಗೆ ಜೋಲಿ ಕಟ್ಟಿದರು. ಉಳುಕಿಗೆ ಅಷ್ಟು ಬೇಕಿರಲಿಲ್ಲ. ನೋಡಿದವರಿಗೆ ಮೇಷ್ಟ್ರು ಲಾರಿ ಕೆಳಗಿಂದ ಎದ್ದು ಬಂದಂತೆ ಕಾಣುತ್ತಿತ್ತು.

"ಅಯ್ಯೋ, ಈಗ ತಾನೇ ಚೆನ್ನಾಗಿದ್ರಲ್ಲ! ಏನಾಯ್ತು?" ಲೈಬ್ರರಿ ಮೇಡಂ ಓಡಿಬಂದರು.

"ಮೆಟ್ಟಿಲ ಮೇಲೆ ಬಿದ್ದೆ" ಎಂದರು ಮೇಷ್ಟ್ರು.

"ಬೀರುವಿನ ಬಾಗಿಲು ಬಡಿದಿದ್ದು" ಎಂದರು ಪಿ.ಟಿ. ಮೇಷ್ಟ್ರು ಅದೇ ಗಳಿಗೆಯಲ್ಲಿ.

"ಬಾಗಿಲು ಬಡಿದು ಮೆಟ್ಟಿಲ ಮೇಲೆ ಬಿದ್ರಾ? ಪಾಪ!" ಆಕೆಯೇ ಎರಡನ್ನೂ ಹೊಲಿದು ಒಂದು ಮಾಡಿಕೊಂಡು, ಊರಿಗೆಲ್ಲ ಹಂಚಲು ಹೊರಟರು. ಹೆಡ್ ಮೇಡಂ ಕಿವಿ ತಲುಪುವಷ್ಟರಲ್ಲಿ ಮೇಷ್ಟ್ರು ಮಹಡಿಯಿಂದ ಬೀರುವಿನ ಸಮೇತ ಉರುಳಿದ್ದರು.

ಹೆಡ್ ಮೇಡಂ ಬಂದವರೇ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. "ಕೈಗೆ ತಾನೇ ಪೆಟ್ಟು?"

"ಹೌದು ಮೇಡಂ. ತುಂಬಾ ನೋವು. ಪರೀಕ್ಷೆ ಬರೆಯಬೇಕಂತ ಎಷ್ಟು ಆಸೆ ಇತ್ತು…"

"ತಲೆಗೇನೂ ಆಗಿಲ್ಲವಲ್ಲ? ಹಾಗಾದರೆ ಆಸೆ ಯಾಕೆ ಬಿಡ್ತೀರಿ? ನೀವು ಹೇಳಿ, ಬೇರೆಯವರು ಬರೀತಾರೆ. ಅಪ್ಪನ ಮಾತು ಮಗಳಿಗೆ ಅರ್ಥವಾದ ಹಾಗೆ ಇನ್ಯಾರಿಗೆ ಆಗುತ್ತೆ? ಬಾಮ್ಮ ಇಲ್ಲಿ!"

ಬಾಗಿಲಲ್ಲಿ ಮೇಲ್ವಿಚಾರಕಿಯ ಬಿಲ್ಲೆ ಹಾಕಿಕೊಂಡು ನಿಂತಿದ್ದ ಮಗಳು ಅಪ್ಪನ ಕೈ ನೋಡಿದಳು, ಮುಖ ನೋಡಿದಳು.

ಮಾತಾಡಿದರೆ ಬೇರೆಯವರಿಗೆ ತೊಂದರೆಯೆಂದು ಅಪ್ಪ-ಮಗಳಿಬ್ಬರನ್ನೂ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೂರಿಸಿದರು. ಸಿಂಕಿನ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಮೇಷ್ಟ್ರು ಜೋಲಿ ಸರಿಮಾಡಿಕೊಂಡು ಕೂತರು. ಮಗಳು ಮೊದಲ ಪ್ರಶ್ನೆ ಓದಿದಳು: ಒಂದು ತೊಟ್ಟಿ, ಅದನ್ನು ತುಂಬಿಸುವ ಒಂದು ನಲ್ಲಿ, ಖಾಲಿ ಮಾಡುವ ಇನ್ನೊಂದು ನಲ್ಲಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ತೊಟ್ಟಿ ತುಂಬುವುದು ಯಾವಾಗ?

"ಎರಡನೇ ನಲ್ಲಿ ಯಾಕೆ ಬಿಟ್ಟಿದಾರೆ? ಮುಚ್ಚೋಕೇನು ರೋಗ ಅವರಿಗೆ?"

"ಹಾಗಂತ ಬರೀಲಾ ಅಪ್ಪಾ?"

"ಬೇಡ, ಬೇಡ. ಬರಿ… ತೊಟ್ಟಿ ತುಂಬದಿರೋದಕ್ಕೆ ಮುಖ್ಯ ಕಾರಣಗಳು. ಒಂದು, ಆಡಳಿತದ ನಿರ್ಲಕ್ಷ್ಯ…" ಅವರ ನಾಲಿಗೆ ಅಭ್ಯಾಸಬಲದಿಂದ ಇತಿಹಾಸದ ದಾರಿ ಹಿಡಿದಿತ್ತು. ತಟ್ಟನೆ ಎಚ್ಚೆತ್ತು, "ಅದೆಲ್ಲ ಪೀಠಿಕೆ. ಉತ್ತರ ಹನ್ನೆರಡು ಅಂತ ಹಾಕು" ಎಂದರು.

"ಹನ್ನೆರಡು ಏನು? ಗಂಟೆನಾ, ನಿಮಿಷನಾ?"

"ನಮ್ಮ ಕಾಲದಲ್ಲಿ ಅಷ್ಟೆಲ್ಲ ಕೇಳ್ತಿರಲಿಲ್ಲ."

ಮಗಳು ತಲೆ ತಗ್ಗಿಸಿ ಬರೆಯತೊಡಗಿದಳು. ಹನ್ನೆರಡು ಎನ್ನುವ ಒಂದೇ ಮಾತಿಗೆ ಅರ್ಧ ಪುಟ ತುಂಬಿತು. ಮುಂದಿನದಕ್ಕೆ ಅಪ್ಪ "ಸೊನ್ನೆ" ಎಂದರು, ಮುಕ್ಕಾಲು ಪುಟ ತುಂಬಿತು. ಆಮೇಲಾಮೇಲೆ ಅವಳು ಕೇಳುವುದನ್ನೂ ಬಿಟ್ಟಳು, ಅವರು ಹೇಳುವುದನ್ನೂ ಬಿಟ್ಟರು. ಕೊನೆಗೆ ಮೇಷ್ಟ್ರು ಬರ್ನರು, ಬಾಟಲಿಗಳನ್ನು ನೋಡುತ್ತಾ, ಇವಳೂ ಹಿಂದುಳಿದವಳೇ ತಾನೇ, ಹೋಗುವ ಮಾನ ಒಟ್ಟಿಗೇ ಹೋಗಲಿ ಎಂದು ಕೈಚೆಲ್ಲಿ ಕೂತರು.

ಸಂಜೆ ಸಭೆಯಲ್ಲಿ ಅವರು ಕಂಬದ ಹಿಂದಿನ ಕುರ್ಚಿ ಹುಡುಕಿಕೊಂಡರು. ಗಣಿತದ ಮೇಷ್ಟ್ರು ಉತ್ತರಪತ್ರಿಕೆ ಹಿಡಿದು ವೇದಿಕೆ ಹತ್ತಿದವರು ಗದ್ಗದಿತರಾಗಿಬಿಟ್ಟರು. "ನಮ್ಮ ಇತಿಹಾಸದ ಮೇಷ್ಟ್ರು! ಒಂದೇ ಒಂದು ತಪ್ಪಿಲ್ಲ! ಕೊನೇ ಲೆಕ್ಕಾನ ನಾನು ಮಾಡೋದಕ್ಕಿಂತ ಚಂದ ಮಾಡಿದಾರೆ!"

ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಮೇಷ್ಟ್ರ ಎದೆಯ ಮೇಲಿನ ಬಂಡೆ ಉರುಳಿತು. ಎಷ್ಟು ಹಗುರವಾದರೆಂದರೆ, ಕಟ್ಟಿದ್ದ ಬಲಗೈಯನ್ನೇ ಎತ್ತಿ ಎಲ್ಲರಿಗೂ ಬೀಸಿದರು. ಪುಣ್ಯಕ್ಕೆ ಎಲ್ಲರೂ ಅದನ್ನು ಸಂತೋಷದ ಭರ ಎಂದುಕೊಂಡರು.

ಜನ ಚದುರಿದ ಮೇಲೆ ಕಾರಿಡಾರಿನಲ್ಲಿ ಮಗಳನ್ನು ಹಿಡಿದರು. ಅವರ ಕಣ್ಣು ಒದ್ದೆಯಾಗಿತ್ತು. "ಅದೆಲ್ಲ ನೀನೇ ಮಾಡಿದ್ದಾ?"

"ಹೂಂ."

"ಇಷ್ಟು ಚೆನ್ನಾಗಿ ಬರುತ್ತಲ್ಲೇ ನಿನಗೆ! ಮತ್ತೆ ಮನೆಲೆಕ್ಕದಲ್ಲಿ ಯಾಕೆ ಯಾವಾಗಲೂ ತಪ್ಪು?"

ಮಗಳು ಕಾಲಿನ ಹೆಬ್ಬೆರಳು ನೋಡುತ್ತಾ ನಿಂತಳು. "ನೀನು ತಿದ್ದಿದ್ದನ್ನ ಹಾಗೇ ನಕಲು ಮಾಡ್ತಿದ್ದೆ ಅಪ್ಪಾ."

ಮೇಷ್ಟ್ರು ಗೋಡೆಗೆ ಒರಗಿದರು.

"ಮೊದಲನೇ ದಿನವೇ ಹೇಳೋಣ ಅಂದ್ಕೊಂಡೆ. ಆದ್ರೆ ಅಮ್ಮ ಅಲ್ಲೇ ಕೂತಿದ್ಲು. ನೀನು ಬೇರೆ ಅಷ್ಟು ಖುಷಿಯಾಗಿ ತಿದ್ತಿದ್ದೆ."

ಮೇಷ್ಟ್ರಿಗೆ ನಾಚಿಕೆಯಾಯಿತು. ಅದರ ಹಿಂದೆಯೇ, ಮಗಳು ದಡ್ಡಿಯಲ್ಲ ಎಂಬ ನೆಮ್ಮದಿಯೂ ಆಯಿತು. "ಆಗಿದ್ದಾಗಲಿ. ಈಗಲೇ ಗಣಿತದ ಮೇಷ್ಟ್ರ ಹತ್ತಿರ ನಿಜ ಹೇಳಿ ನಿನ್ನ ಆ ಗುಂಪಿಂದ ತೆಗೆಸ್ತೀನಿ" ಎಂದು ಹೊರಟರು.

ಎದುರಿಗೆ ಹೆಡ್ ಮೇಡಂ ಬಂದರು. "ನಿಮ್ಮನ್ನೇ ಹುಡುಕ್ತಿದ್ದೆ! ಗಣಿತದ ಮೇಷ್ಟ್ರು ನಾಳೆಯಿಂದ ತರಬೇತಿಗೆ ಹೋಗ್ತಿದಾರೆ, ಈ ವರ್ಷ ಬರಲ್ಲ. ಹಿಂದುಳಿದ ಗುಂಪಿಗೆ ಯಾರಪ್ಪಾ ಅಂತ ನಿದ್ದೆಗೆಟ್ಟಿದ್ದೆ. ದೇವರ ಹಾಗೆ ನೀವು ಸಿಕ್ಕಿದ್ರಿ. ನಾಳೆ ಬೆಳಿಗ್ಗೆ ಮೊದಲನೇ ಕ್ಲಾಸು ನಿಮ್ಮದೇ."

ಮೇಷ್ಟ್ರು ಬಾಯಿ ತೆರೆದರು. ನಿಜ ಹೇಳಿದರೆ ಪರೀಕ್ಷೆಯಲ್ಲಿ ಮೋಸ ಮಾಡಿದ ತಪ್ಪು ಮಗಳ ಕೊರಳಿಗೂ ಬೀಳುತ್ತದೆ. ಬಾಯಿ ಮುಚ್ಚಿಕೊಂಡರು. ಹೆಡ್ ಮೇಡಂ ಅದನ್ನೇ ಒಪ್ಪಿಗೆ ಎಂದು ತಿಳಿದು, ನೆಮ್ಮದಿಯ ನಿಟ್ಟುಸಿರು ಬಿಟ್ಟು ಹೊರಟುಹೋದರು.

"ಹೆದರಬೇಡಪ್ಪಾ, ನಾನು ಆ ಗುಂಪಲ್ಲೇ ಇರ್ತೀನಿ" ಮಗಳು ಅಪ್ಪನ ಎಡಗೈ ಹಿಡಿದುಕೊಂಡಳು. "ಮೊದಲನೇ ಬೆಂಚಲ್ಲೇ ಕೂತ್ಕೋತೀನಿ. ನೀನು ಬೋರ್ಡ್ ಮೇಲೆ ತಪ್ಪು ಬರೆದ ತಕ್ಷಣ ಕೆಮ್ತೀನಿ. ಒರೆಸಿಬಿಡು."



"ಬೇಡ ಕಣೇ" ಎಂದರು ಮೇಷ್ಟ್ರು. "ಸರಿ ಬರೆದಾಗ ಕೆಮ್ಮು. ನಿನ್ನ ಗಂಟಲಾದರೂ ಉಳಿಯುತ್ತೆ."