‘ಹೋಯ್’ ಅನ್ನುವ ಹಾರ್ನು

ಗುತ್ಯಪ್ಪ: ಇವತ್ತೊಂದು ದಿನ ಬಾಯಿ ಮುಚ್ಕಂಡಿರು ಮಾರಾಯ್ತಿ. ಇನ್ಸ್‌ಪೆಕ್ಟರು ಎಂತ ಕೇಳಿದ್ರೂ ನಾನು ಹೇಳ್ತೀನಿ.

ಕನ್ನಮ್ಮ: ನಾನು ಬಾಯಿ ಮುಚ್ಕಂಡ್ರೆ ಹಾರ್ನು ಯಾರು ಮಾಡ್ತಾರೆ?

ಗುತ್ಯಪ್ಪ: ಮೆಲ್ಲಗೆ! ಊರಿಗೆಲ್ಲ ಡಂಗುರ ಹೊಡೀಬೇಡ.

ಕನ್ನಮ್ಮ: ಮೆಲ್ಲಗೆ ಅಂದ್ರೆ ಮೆಲ್ಲಗೇ ಮಾಡ್ತೀನಿ. ಆಮೇಲೆ ಹಾರ್ನಿಗೆ ದಮ್ಮಿಲ್ಲ ಅಂತ ನನ್ನ ಬೈಬೇಡಿ.

ಸಾಗರದ ಪ್ರವಾಸಿ ಮಂದಿರದ ಎದುರಿನ ಬಯಲು. ಹಲಸಿನ ಮರಕ್ಕೆ ಗುತ್ಯಪ್ಪನ ಮೋಟಾರು ಸೈಕಲ್ಲು ಒರಗಿ ನಿಂತಿತ್ತು. ಅದರ ಸ್ಟ್ಯಾಂಡು ಯಾವ ಕಾಲಕ್ಕೋ ಉದುರಿಹೋಗಿದ್ದರಿಂದ, ಎಲ್ಲಿಗೆ ಹೋದರೂ ಅದಕ್ಕೊಂದು ಮರ ಬೇಕು. ಹಿಂದಿನ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ ಅದು. “ಯುದ್ಧ ಗೆದ್ದವರು ಯಾರೋ ನನಗೆ ಗೊತ್ತಿಲ್ಲ, ಈ ಗಾಡಿ ಮಾತ್ರ ಸೋತವರ ಕಡೇದು” ಎಂದು ನಿಟ್ಟೂರಿನ ಸೀತಾರಾಮಪ್ಪ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಹೇಳಿ ಎಲೆ ಮುಂದೆ ಕೂತವರನ್ನೆಲ್ಲ ನಗಿಸಿದ್ದ. ಸೀತಾರಾಮಪ್ಪ ಬೇರೆ ಯಾರೂ ಅಲ್ಲ, ಕನ್ನಮ್ಮನ ತಂಗಿಯ ಗಂಡ, ಗುತ್ಯಪ್ಪನಿಗೆ ಷಡ್ಡಕ. ಆವತ್ತಿನಿಂದ ಗುತ್ಯಪ್ಪ ನಿಟ್ಟೂರಿನ ಕಡೆಗೆ ಗಾಡಿಯ ಮೂತಿಯನ್ನೂ ತಿರುಗಿಸಿರಲಿಲ್ಲ.

ಈಗ ಹೊಸ ಗಂಡಾಂತರ ಬಂದಿತ್ತು. ಹೋದ ವಾರ ಹೊಸನಗರದ ಸಂತೆಯಲ್ಲಿ ಗಾಡಿ ಮಡಕೆ ರಾಶಿಗೆ ನುಗ್ಗಿ, ದೂರು ಶಿವಮೊಗ್ಗದವರೆಗೆ ಹೋಗಿತ್ತು. ಮೋಟಾರು ಇನ್ಸ್‌ಪೆಕ್ಟರು ಇವತ್ತು ಸಾಗರಕ್ಕೆ ಬಂದು ಗಾಡಿ ನೋಡುವವರಿದ್ದರು. ಸರಿಯಿಲ್ಲ ಅಂದರೆ ಅಲ್ಲೇ ಜಪ್ತಿ.

ಕನ್ನಮ್ಮ: ಪಾಸಾದ್ರೆ ನಾಳೆ ನಿಟ್ಟೂರಿಗೆ ಇದರಲ್ಲೇ ಹೋಗೋದು ತಾನೆ? ತಂಗಿ ಮೀನಾಕ್ಷಿ ಮಗೂಗೆ ಹೆಸರಿಡ್ತಾರೆ.

ಗುತ್ಯಪ್ಪ: ನೀನು ಬಸ್ಸಿಗೆ ಹೋಗು.

ಕನ್ನಮ್ಮ: ಸಾಗರಕ್ಕೆ ಬರೋಕೆ ನಾನು ಬೇಕು, ತೀರ್ಥಹಳ್ಳಿಗೆ ಹೋಗೋಕೆ ನಾನು ಬೇಕು. ನನ್ನ ತಂಗಿ ಮನೆಗೆ ಮಾತ್ರ ಬಸ್ಸಾ?

ಗುತ್ಯಪ್ಪ: ಆ ರಸ್ತೆ ಈ ಗಾಡಿಗೆ ಆಗಿಬರಲ್ಲ.

ಕನ್ನಮ್ಮ: ರಸ್ತೆ ಪಾಪ ಎಂತ ಮಾಡ್ತು? ಷಡ್ಡಕರು ಆಗಿಬರಲ್ಲ ಅನ್ನಿ.

ಗುತ್ಯಪ್ಪನ ಮೂಗಿನ ತುದಿ ಕೆಂಪಗಾಯಿತು. ಉತ್ತರ ನಾಲಿಗೆಗೆ ಬರುವಷ್ಟರಲ್ಲಿ ಇನ್ಸ್‌ಪೆಕ್ಟರ್ ಮುಕುಂದಯ್ಯ ಜಗಲಿ ಇಳಿದು ಬಂದರು. ಮೈಸೂರು ಕಡೆಯವರು, ಇಸ್ತ್ರಿ ಹಾಕಿದ ಶರಟು, ಇಸ್ತ್ರಿ ಹಾಕಿದಂಥದೇ ಮುಖ.

ಮುಕುಂದಯ್ಯ: ಗಾಡಿ ನಿಮ್ಮದೇನಪ್ಪಾ? ಎಲ್ಲಿ, ಹಾರನ್ ಹೊಡೀರಿ.

ಗುತ್ಯಪ್ಪ ರಬ್ಬರಿನ ಬುರುಡೆ ಒತ್ತಿದ. ಅದರ ಹೊಟ್ಟೆಯನ್ನು ಇಲಿ ತಿಂದಿದ್ದರಿಂದ ‘ಉಸ್’ ಅಂತು. ಅವನು ಹೆಂಡತಿಯನ್ನು ಮೊಣಕೈಯಲ್ಲಿ ತಿವಿದ.

ಕನ್ನಮ್ಮ: ಹೋಯ್!

ಮುಕುಂದಯ್ಯ ಒಂದು ಮಾರು ಹಿಂದಕ್ಕೆ ಹಾರಿದರು. ಆಚೆ ರಸ್ತೆಯಲ್ಲಿ ಹೋಗುತ್ತಿದ್ದ ಗಂಡಸರೆಲ್ಲ ಗಕ್ಕನೆ ನಿಂತು ತಿರುಗಿ ನೋಡಿದರು.

ಮುಕುಂದಯ್ಯ: ಏನಮ್ಮಾ ಇದು?

ಗುತ್ಯಪ್ಪ: ಹಾರ್ನು ಸ್ವಾಮಿ.

ಮುಕುಂದಯ್ಯ: ಹಾರನ್ ಅಂದ್ರೆ ಪೋಂ ಅನ್ನಬೇಕು ಕಣಯ್ಯಾ!

ಕನ್ನಮ್ಮ: ಪೋಂ ಬಾಯಿಗೆ ಬರಲ್ಲ ಸ್ವಾಮಿ. ಗಂಡನ ಹೆಸರು ಹೇಳಬಾರ್ದಲ್ಲ, ಮದುವೆ ಆದಾಗಿಂದ ಇವರನ್ನ ಹೋಯ್ ಅಂತ್ಲೇ ಕರೆದು ರೂಢಿ.

ಮುಕುಂದಯ್ಯ: ಸಂತೇಲೂ ಹೀಗೇ ಕೂಗಿದ್ರಾ?

ಕನ್ನಮ್ಮ: ಅದೇ ಆಗಿದ್ದು ಸ್ವಾಮಿ! ನಾನು ದಾರಿ ಬಿಡಿ ಅಂತ ಹೋಯ್ ಅಂದ್ರೆ, ಸಂತೇಲಿದ್ದ ಗಂಡಸರೆಲ್ಲ ಅವರವರ ಹೆಂಡ್ತಿ ಕರೆದ್ಲು ಅಂತ ನಡುರಸ್ತೇಲಿ ನಿಂತ್ಬಿಟ್ರು. ಮಡಕೆ ಮಾರೋ ಅಜ್ಜ ಒಬ್ಬರೇ ಓಡಿದ್ದು. ಅವರಿಗೆ ಮದುವೆ ಆಗಿಲ್ಲ. ಅವರು ಬಿಟ್ಟು ಓಡಿದ ಜಾಗ ಒಂದೇ ಖಾಲಿ ಇತ್ತು, ಗಾಡಿ ಅಲ್ಲಿಗೆ ಹೋಯ್ತು.

ಗುತ್ಯಪ್ಪ: ಕೇಳಿದ್ರಾ? ಗಾಡಿ ತಪ್ಪು ಎಂತದೂ ಇಲ್ಲ. ತಪ್ಪೆಲ್ಲ ಮದುವೆ ಆದವರದ್ದು.

ಮುಕುಂದಯ್ಯ: ಅದು ನನಗೂ ಗೊತ್ತು. ಮುಂದಿನ ದೀಪ?

ಗುತ್ಯಪ್ಪ: ಭೇಷಾಗಿದೆ.

ಕನ್ನಮ್ಮ ಕೈಚೀಲದಿಂದ ಬ್ಯಾಟರಿ ತೆಗೆದು ಬೆಳಕನ್ನು ಇನ್ಸ್‌ಪೆಕ್ಟರ ಮುಖಕ್ಕೇ ಬಿಟ್ಟಳು.

ಮುಕುಂದಯ್ಯ: ಆರಿಸಿ, ಆರಿಸಿ! ಗಾಡಿಯಲ್ಲೇ ದೊಡ್ಡ ಡೂಮು ಇದೆಯಲ್ಲ, ಅದು?

ಕನ್ನಮ್ಮ: ಅದರೊಳಗೆ ಇವರು ಎಲೆ ಅಡಿಕೆ ಇಟ್ಕಂತಾರೆ. ಸುಣ್ಣ ಒಣಗಲ್ಲ, ತಂಪಾಗಿರ್ತದೆ. ಒಂದು ಹಾಕ್ಕಂತೀರಾ?

ಮುಕುಂದಯ್ಯ: ಬೇಡ! ಹಿಂದೆ ಬರೋ ಗಾಡಿ ನೋಡೋಕೆ ಕನ್ನಡಿ?

ಕನ್ನಮ್ಮ: ನಾನಿದೀನಲ್ಲ. ಹಿಂದೆ ಬಸ್ಸು ಬಂದ್ರೆ ಡ್ರೈವರ್ ಯಾರು, ಒಳಗೆ ನೆಂಟರು ಯಾರಿದಾರೆ, ಯಾರು ಯಾರ ಹತ್ರ ಮಾತು ಬಿಟ್ಟಿದಾರೆ, ಎಲ್ಲ ಹೇಳ್ತೀನಿ. ಕನ್ನಡಿ ಅಷ್ಟು ಹೇಳ್ತದಾ?

ಮುಕುಂದಯ್ಯ ಗಾಡಿಯ ಹಿಂಬದಿಗೆ ಹೋದರು. ಕ್ಯಾರಿಯರಿಗೆ ಉದ್ದನೆಯ ಒಂದು ಹಗ್ಗ ಬಿಗಿದಿತ್ತು.

ಮುಕುಂದಯ್ಯ: ಇದು?

ಗುತ್ಯಪ್ಪ: ಸಾಮಾನು ಕಟ್ಟೋ ಹಗ್ಗ ಸ್ವಾಮಿ.

ಕನ್ನಮ್ಮ: ಸುಳ್ಳು ಎಂತಕ್ಕೆ ಹೇಳ್ತೀರಿ? ಅದು ಬ್ರೇಕು. ಇಳಿಜಾರು ಬಂದ್ರೆ ನಾನು ಇಳಿದು ಹಗ್ಗ ಜಗ್ಗಿ ಹಿಡ್ಕಂಡು ಬರ್ತೀನಿ, ಹೋರಿ ಹಿಡಿದ ಹಾಗೆ.

ಗುತ್ಯಪ್ಪನಿಗೆ ರೇಗಿಹೋಯಿತು. ಅವನ ಸಿಟ್ಟು ಒಲೆಯ ಮೇಲಿನ ಹಾಲು. ಉಕ್ಕುವ ಮೊದಲು ಹೇಳಿ ಕೇಳಿ ಉಕ್ಕುವುದಿಲ್ಲ.

ಗುತ್ಯಪ್ಪ: ಎಲ್ಲದಕ್ಕೂ ಅವಳೇ! ಅವಳೇ! ಗಾಡಿ ನಂದು ಸ್ವಾಮಿ! ಅವಳಿಲ್ಲದೆ ಓಡಿಸಿ ತೋರಿಸ್ತೀನಿ, ನೋಡಿ!

ಮುಕುಂದಯ್ಯ: ತೋರಿಸಿ. ಈ ಬಂಗಲೆಗೆ ಒಂದು ಸುತ್ತು ಬಂದು, ಇಲ್ಲಿ ನನ್ನ ಮುಂದೆ ನಿಲ್ಲಿಸಿದ್ರೆ ಪಾಸು.

ಗುತ್ಯಪ್ಪ ಒದ್ದ. ಗಾಡಿ ಕೆಮ್ಮಿತು. ಮತ್ತೆ ಒದ್ದ. ಹಲಸಿನ ಮರದ ಕಾಗೆಗಳೆಲ್ಲ ಎದ್ದುಹೋದವು, ಗಾಡಿಯೂ ಎದ್ದಿತು. ಹಗ್ಗವನ್ನು ಬಾಲದಂತೆ ಎಳೆದುಕೊಂಡು ಹೊರಟ ಅದು ಮೊದಲನೆಯ ಸುತ್ತನ್ನು ರಾಜಗಾಂಭೀರ್ಯದಲ್ಲೇ ಮುಗಿಸಿತು.

ಮುಕುಂದಯ್ಯ: ಸಾಕು, ನಿಲ್ಲಿಸಿ!

ಅಷ್ಟರಲ್ಲಿ ಎಕ್ಸಿಲರೇಟರಿನ ತಂತಿ ಸಿಕ್ಕಿಹಾಕಿಕೊಂಡಿತ್ತು. ಗುತ್ಯಪ್ಪ ಬ್ರೇಕು ತುಳಿದ. ತುಳಿದದ್ದು ಕಾಲಿಗೆ ವ್ಯಾಯಾಮವಾಯಿತು ಅಷ್ಟೆ.

ಗುತ್ಯಪ್ಪ: ಇನ್ನೊಂದು ಸುತ್ತು ಸ್ವಾಮಿ! ಹುರುಪಲ್ಲಿದೆ!

ಬಂದ, ಹೋದ. ಮತ್ತೆ ಬಂದ.

ಮುಕುಂದಯ್ಯ: ಎಷ್ಟು ಸಲ ಹೇಳ್ಬೇಕು ನಿಲ್ಲಿಸೀ ಅಂತ?

ಗುತ್ಯಪ್ಪ: ನನಗಲ್ಲ ಸ್ವಾಮಿ, ಅದಕ್ಕೆ ಹೇಳಿ!

ಮುಂದಿನ ಸಲ ಬಂಗಲೆಯ ಹಿಂಬದಿಯಿಂದ ಬರುವಾಗ ಗಾಡಿಯ ಹ್ಯಾಂಡಲ್ಲಿಗೆ ಒಣಗಲು ಹಾಕಿದ್ದ ಒಂದು ಜರಿ ಪಂಚೆ ಸುತ್ತಿಕೊಂಡು ಬಾವುಟದಂತೆ ಹಾರುತ್ತಿತ್ತು.

ಮುಕುಂದಯ್ಯ: ಅಯ್ಯೋ, ಅದು ನನ್ನ ಪಂಚೆ!

ಗುತ್ಯಪ್ಪ: ಮುಂದಿನ ಸುತ್ತಿಗೆ ಹಿಡ್ಕಳಿ ಸ್ವಾಮೀ!

ಮುಕುಂದಯ್ಯ: ಅಮ್ಮಾ, ನೀವಾದ್ರೂ ಏನಾದ್ರೂ ಮಾಡೀಮ್ಮಾ!

ಕನ್ನಮ್ಮ: ಬಾಯಿ ಮುಚ್ಕಂಡಿರು ಅಂದಿದಾರೆ ಸ್ವಾಮಿ. ಗಂಡನ ಮಾತು ಮೀರಬಾರ್ದು. ಒಂದೇ ಒಂದು ಕೇಳ್ತೀನಿ, ತಡೀರಿ.

ಅವಳು ಸೆರಗು ಸಿಕ್ಕಿಸಿ ಮರದ ಪಕ್ಕ ನಿಂತಳು. ಗಾಡಿ ಭರ್ರನೆ ಬಂತು.

ಕನ್ನಮ್ಮ: ಹೋಯ್! ನಿಟ್ಟೂರಿಗೆ?

ಗುತ್ಯಪ್ಪ: ಬಸ್ಸಿಗೆ ಹೋ—

ಹೋಗಿಬಿಟ್ಟ. ಅವಳು ಅಲ್ಲಾಡಲಿಲ್ಲ. ಮತ್ತೆ ಬಂದ. ಈಗ ಮುಖದಲ್ಲಿ ಸಿಟ್ಟು ಅರ್ಧ, ಬೆವರು ಅರ್ಧ.

ಕನ್ನಮ್ಮ: ನಿಟ್ಟೂರಿಗೆ?

ಗುತ್ಯಪ್ಪ: ನೋಡಣ ಮಾರಾ—

ಕನ್ನಮ್ಮ (ಇನ್ಸ್‌ಪೆಕ್ಟರ ಕಡೆ ತಿರುಗಿ): ನೋಡಣ ಅಂದ್ರೆ ಇಲ್ಲ ಅಂತ ಅರ್ಥ ಸ್ವಾಮಿ. ಇಪ್ಪತ್ತು ವರ್ಷ ಸಂಸಾರ ಮಾಡಿದೀನಿ.

ಮುಕುಂದಯ್ಯ: ಒಪ್ಪಿಕೊಳ್ರೀ ಗುತ್ಯಪ್ಪಾ! ನಿಟ್ಟೂರಿಗೆ ಕರ್ಕೊಂಡು ಹೋಗ್ರೀ! ನನ್ನ ಪಂಚೆ ಉಳಿಸ್ರೀ!

ಗುತ್ಯಪ್ಪ ಮತ್ತೆ ಪ್ರತ್ಯಕ್ಷನಾದ.

ಗುತ್ಯಪ್ಪ: ಆಯ್ತು! ಆಯ್ತು! ಆಯ್ತು ಮಾರಾಯ್ತೀ!

ಕನ್ನಮ್ಮ: ಈ ಗಾಡೀಲಾ?

ಉತ್ತರಕ್ಕೆ ಇನ್ನೊಂದು ಸುತ್ತು ಕಾಯಬೇಕಾಯಿತು.

ಗುತ್ಯಪ್ಪ: ಗಾಡೀಲೇ! ಎರಡು ದಿನ! ಬೇಕಾದ್ರೆ ಮೂರು! ಹಿಡಿಯೇ!

ಕನ್ನಮ್ಮ ಹಗ್ಗದ ತುದಿಗೆ ಹಾರಿ ಬಿದ್ದು, ಹಲಸಿನ ಬುಡಕ್ಕೆ ಎರಡು ಸುತ್ತು ಸುತ್ತಿ ಜಗ್ಗಿದಳು. ಗಾಡಿ ‘ಕೊಯ್ಯ್’ ಎಂದು ಅಲ್ಲೇ ಕುಸಿದು ತಣ್ಣಗಾಯಿತು. ಗುತ್ಯಪ್ಪ ಮಾತ್ರ ನಿಲ್ಲದೆ ಮುಂದಕ್ಕೆ ಹಾರಿ, ಇನ್ಸ್‌ಪೆಕ್ಟರ ಪಾದದ ಬುಡದಲ್ಲಿ ಸಾಷ್ಟಾಂಗ ಬಿದ್ದ. ಮುಕುಂದಯ್ಯ ಗಾಬರಿಯಲ್ಲಿ ಆಶೀರ್ವಾದಕ್ಕೆ ಕೈ ಎತ್ತಿಬಿಟ್ಟರು.

ಗುತ್ಯಪ್ಪ (ಬಿದ್ದಲ್ಲಿಂದಲೇ): ನಿಮ್ಮ ಮುಂದೇ ನಿಲ್ಲಿಸಿದೀನಿ ಸ್ವಾಮಿ.

ಮುಕುಂದಯ್ಯ: ನಿಲ್ಲಿಸಿದ್ದು ನೀವಲ್ಲ. ಗಾಡಿ ಫೇಲು. ನಿಮ್ಮ ಮನೆಯವರು ಪಾಸು. ಗಾಡಿ ಜಪ್ತಿ!

ಕನ್ನಮ್ಮನ ಮುಖ ಬಾಡಿತು. ಕೈಗೆ ಬಂದ ನಿಟ್ಟೂರು ಬಾಯಿಗೆ ಬರಲಿಲ್ಲ. ಆದರೆ ಅವಳು ಬಾಡಿ ಕೂರುವ ಜಾತಿಯ ಹೆಂಗಸಲ್ಲ.

ಕನ್ನಮ್ಮ: ಆಗ್ಲಿ ಸ್ವಾಮಿ, ಜಪ್ತಿ ಮಾಡಿ. ಪೊಲೀಸ್ ಠಾಣೆವರೆಗೆ ಓಡಿಸ್ಕಂಡು ಹೋಗೋದು ಯಾರು? ನೀವಾ?

ಮುಕುಂದಯ್ಯ: ನಾನಾ!

ಕನ್ನಮ್ಮ: ಹಗ್ಗ ಹಿಡಿಯೋಕೆ ನಾನು ಬರಲ್ಲ, ಈಗ್ಲೇ ಹೇಳಿದೀನಿ. ದಾರೀಲಿ ಪೇಟೆ ಇದೆ. ಇಳಿಜಾರಿದೆ. ಇಳಿಜಾರಿನ ಕೆಳಗೆ ಕೆರೆ ಇದೆ. ಈಜು ಬರ್ತದಾ ನಿಮಗೆ?

ಮುಕುಂದಯ್ಯ ಗಾಡಿ ನೋಡಿದರು. ಎಣ್ಣೆ ಮೆತ್ತಿದ ಜರಿ ಪಂಚೆ ನೋಡಿದರು. ಅವರ ಮುಖದ ಇಸ್ತ್ರಿ ಪೂರ್ತಿ ಹೋಗಿತ್ತು.

ಮುಕುಂದಯ್ಯ: ಒಂದು ತಿಂಗಳು ಟೈಮು ಕೊಡ್ತೀನಿ. ಅಷ್ಟರಲ್ಲಿ ಬ್ರೇಕು, ಹಾರನ್ನು, ದೀಪ, ಎಲ್ಲ ಹೊಸದು ಹಾಕಿಸಬೇಕು. ಅಲ್ಲೀವರೆಗೆ ಈ ಅಮ್ಮ ಹಿಂದೆ ಕೂರದೆ ಗಾಡಿ ಒಂದಡಿ ಕದಲಿದ್ರೂ ಜಪ್ತಿ. ಈಗ ಹೊರಡಿ. ತಡೀರಿ! ನಾನು ಒಳಗೆ ಹೋಗಿ ಅಗಣಿ ಹಾಕ್ಕೊಂಡ ಮೇಲೆ ಹೊರಡಿ!

ಅಗಣಿ ಬಿದ್ದ ಸದ್ದು ಕೇಳಿತು. ಕನ್ನಮ್ಮ ಹಗ್ಗ ಸುತ್ತಿ ಮಡಿಲಿಗೆ ಹಾಕಿಕೊಂಡು, ಮಹಾರಾಣಿ ಪಲ್ಲಕ್ಕಿ ಹತ್ತಿದಂತೆ ಹಿಂದಿನ ಸೀಟು ಹತ್ತಿದಳು. ಗುತ್ಯಪ್ಪ ಮಂಡಿಯ ಮಣ್ಣು ಒರೆಸಿಕೊಳ್ಳುತ್ತ ನಿಂತೇ ಇದ್ದ.

ಕನ್ನಮ್ಮ: ಹತ್ತಿ ಮತ್ತೆ. ಮಗೂಗೆ ಒಂದು ಅಂಗಿ ತಗಂಡು ಹೋಗಣ.

ಗುತ್ಯಪ್ಪ: ನಾಳೆ ಆ ಸೀತಾರಾಮಪ್ಪನ ಎದುರು ಯಾವ ಮುಖ ಹೊತ್ಕಂಡು ಇಳೀಲಿ? ಹಾರ್ನು ನೀನು, ದೀಪ ನೀನು, ಕನ್ನಡಿ ನೀನು, ಬ್ರೇಕು ನೀನು. ಇದರಲ್ಲಿ ನಂದು ಅಂತ ಎಂತ ಉಳೀತೇ?

ಸಿಟ್ಟಿನಲ್ಲಿ ಒಂದೇ ಒದೆ ಒದ್ದ. ಗಾಡಿ ಎದ್ದು, ಹಲಸಿನ ಮರ, ಬಯಲು, ಬಂಗಲೆ ಯಾವುದೂ ಕಾಣದಂತೆ ಕಪ್ಪಗೆ ಉಗುಳಿತು.

ಕನ್ನಮ್ಮ (ಸೆರಗಿನಲ್ಲಿ ಮೂಗು ಮುಚ್ಚಿಕೊಂಡು): ಹೊಗೆ ಇದೆಯಲ್ಲ! ಅದು ಪೂರಾ ನಿಮ್ದೇ.