ಮಾವನ ಸಾವಿರದ ಇನ್ನೂರು ಸ್ಲೈಡು

ಆ ಹಳೇ ಫೋಟೋ ಸ್ಲೈಡುಗಳನ್ನು ಸ್ಟುಡಿಯೋ ಅಂಗಡಿಯವರಿಗೆ ಕೊಟ್ಟುಬಿಡಿ ಎಂದು ನನ್ನ ಹೆಂಡತಿ ಬೋಗ್ನಾ ಹೇಳಿದಾಗಲೇ ಕೊಟ್ಟುಬಿಡಬೇಕಿತ್ತು. ನಾನೋ ಎದೆಯುಬ್ಬಿಸಿ, "ಮೂರೇ ದಿನ ಸಾಕು. ನಿಮ್ಮಪ್ಪನ ಅಷ್ಟೂ ಸ್ಲೈಡು ಕಂಪ್ಯೂಟರಿಗೆ ಹತ್ತಿಸಿಬಿಡ್ತೀನಿ" ಎಂದು ಘೋಷಿಸಿದೆ! ಅತ್ತೆ ಮಾವನ ಮದುವೆಗೆ ಐವತ್ತು ವರ್ಷ ತುಂಬುವುದರಲ್ಲಿತ್ತು. ಮದುವೆಯ ಚಿತ್ರಗಳಿದ್ದದ್ದು ಆ ಸ್ಲೈಡುಗಳಲ್ಲಿ ಮಾತ್ರ, ಪ್ರೊಜೆಕ್ಟರೋ ಎಂದೋ ಕೆಟ್ಟಿತ್ತು. ಬೂಷ್ಟು ಹಿಡಿದು ಹಾಳಾಗುವ ಮುಂಚೆ ಮದುಮಗಳಾದ ತನ್ನನ್ನು ಇನ್ನೊಂದು ಸಲ ನೋಡಬೇಕೆಂದು ಅತ್ತೆಗೆ ಆಸೆ.

ಮೂರು ದಿನ ಮೂರು ತಿಂಗಳಾಯಿತು. ಊಟದ ಮೇಜಿನ ಮೇಲೆ ದೀಪದ ಹಲಗೆ, ಅದರ ಮೇಲೆ ಸ್ಲೈಡು, ತಲೆಯ ಮೇಲೆ ಕ್ಯಾಮೆರಾ. ಊದು, ಒರೆಸು, ಇಡು, ಒತ್ತು. ಮತ್ತೆ ಊದು. ಕೊನೆಕೊನೆಗೆ ತಣ್ಣಗಾದ ಸೂಪನ್ನೂ ಊದಿ ಊದಿ ಕುಡಿಯುತ್ತಿದ್ದೆ. ಬೋಗ್ನಾ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ರೂಢಿ ಮಾಡಿಕೊಂಡಳು. ಚಿತ್ರ ಸರಿಯಾಗಿ ಬಂದಿದೆಯಾ ಒಂದು ಸಲ ನೋಡಿ ಎಂದು ಅವಳು ಹೇಳಿದ್ದುಂಟು. ಧೂಳು ಹೊಡೆಯುವವನಿಗೆ ಚಿತ್ರ ನೋಡಲು ಪುರುಸೊತ್ತೆಲ್ಲಿ ಎಂದು ನಾನು ರೇಗಿದ್ದೂ ಉಂಟು.

ಐವತ್ತು ವರ್ಷ ತುಂಬಿದ ಭಾನುವಾರ ನೆಂಟರೆಲ್ಲ ಟೀವಿಯ ಮುಂದೆ ಕೂತರು. ಮೊದಲ ಚಿತ್ರ ಬಂತು. ಚರ್ಚಿನ ಬಾಗಿಲಲ್ಲಿ ಬಿಳಿ ಉಡುಗೆಯ ಅತ್ತೆ, ಪಕ್ಕದಲ್ಲಿ ಮಾವ, ಇಬ್ಬರೂ ಕೈಯೆತ್ತಿ ನಗುತ್ತಿದ್ದಾರೆ. ಅತ್ತೆ ಗಸಗಸೆ ಕೇಕಿನ ತಟ್ಟೆಯನ್ನು ಕೆಳಗಿಟ್ಟರು.

"ಅಳಿಯಂದ್ರೇ, ನನ್ನ ಉಂಗುರ ಎಡಗೈಲಿದೆ."

ನಮ್ಮ ಪೋಲೆಂಡಿನಲ್ಲಿ ಮದುವೆಯ ಉಂಗುರ ಬಲಗೈಗೆ. ಗಂಡನೋ ಹೆಂಡತಿಯೋ ತೀರಿಕೊಂಡರೆ ಅದು ಎಡಗೈಗೆ ಹೋಗುತ್ತದೆ. ಮಾವ ತಾವೇ ಫಿಲ್ಮು ಕತ್ತರಿಸಿ ಚೌಕಟ್ಟಿಗೆ ಸಿಕ್ಕಿಸಿದ ಸ್ಲೈಡುಗಳಿಗೆ ಹಿಂದು ಮುಂದಿನ ಗುರುತಿರಲಿಲ್ಲ. ನಾನು ಅವೆಲ್ಲವನ್ನೂ ಮಗುಚಿಟ್ಟು ತೆಗೆದಿದ್ದೆ. ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಅತ್ತೆ ವಿಧವೆ, ತೋಳಿಗೆ ತೋಳು ಕೊಟ್ಟ ಮಾವ ವಿಧುರ. ಮುಂದಿನ ಚಿತ್ರದಲ್ಲಿ ಇಬ್ಬರೂ ಹಾಗೆಯೇ ಮಧುಚಂದ್ರಕ್ಕೆ ಹೊರಟಿದ್ದರು! ಮಾವನ ತಂಗಿ ಶಿಲುಬೆಯ ಗುರುತು ಹಾಕಿಕೊಂಡರು.

"ಐವತ್ತು ವರ್ಷದಿಂದ ಪಥ್ಯ ಮಾಡಿಸಿ ಇವರನ್ನ ಉಳಿಸ್ಕೊಂಡಿದ್ದೀನಿ. ನೀವು ಮದುವೆ ದಿನವೇ ಮುಗಿಸಿಬಿಟ್ರಲ್ಲ" ಎಂದರು ಅತ್ತೆ. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಇಲ್ಲೇ ಇದ್ದೀನಿ ಕಣೇ" ಎಂದ ಮಾವ ಅದಕ್ಕೆ ಸಾಕ್ಷಿಯಾಗಿ ಅತ್ತೆಯ ತಟ್ಟೆಯ ಕೇಕನ್ನೂ ತಿಂದರು.

ನನಗೆ ನಾಚಿಕೆಯಾಯಿತು. ಮೂರು ತಿಂಗಳು ಧೂಳನ್ನೇ ನೋಡಿದ್ದೆ, ಒಂದು ಮುಖವನ್ನೂ ನೋಡಿರಲಿಲ್ಲ. ಬೆವರುತ್ತಲೇ ಕಂಪ್ಯೂಟರಿನಲ್ಲಿ ಅಷ್ಟೂ ಚಿತ್ರಗಳನ್ನು ಒಟ್ಟಿಗೆ ಎಡಬಲ ತಿರುಗಿಸಿದೆ. ಉಂಗುರ ಬಲಗೈಗೆ ಬಂತು, ಮಾವ ಬದುಕಿದರು. ಅತ್ತೆ ಮೂಗೊರೆಸಿಕೊಂಡು ಮದುಮಗಳನ್ನು ಕಣ್ತುಂಬ ನೋಡಿದರು. ನೆಂಟರು ಚಪ್ಪಾಳೆ ತಟ್ಟಿದರು. ನಾನು ಮತ್ತೆ ಎದೆಯುಬ್ಬಿಸಿ ಒಂದೊಂದೇ ಚಿತ್ರ ದಾಟಿಸುತ್ತಾ ಹೋದೆ.

ಕೊನೆಯ ಡಬ್ಬಿಯಲ್ಲಿದ್ದದ್ದು ನಮ್ಮಿಬ್ಬರ ಮದುವೆ. ಅವು ಸ್ಟುಡಿಯೋದವರ ಸ್ಲೈಡು. ಮೇಲೆ ಬರಬೇಕಾದ ಬದಿಯನ್ನು ಚೌಕಟ್ಟಿನ ಮೇಲೆ ಅಚ್ಚು ಹಾಕಿದ್ದರಿಂದ ಅವನ್ನು ಮಾತ್ರ ಸರಿಯಾಗಿಟ್ಟು ತೆಗೆದಿದ್ದೆ. ಈಗ ಅವೂ ತಿರುಗಿ ಕೂತಿದ್ದವು. ಟೀವಿಯ ತುಂಬ ಬೋಗ್ನಾ ಬಾಯಿತುಂಬ ನಗುತ್ತಿದ್ದಳು, ಉಂಗುರ ಎಡಗೈಯಲ್ಲಿತ್ತು. ಸರಿಮಾಡಲು ಗಡಬಡಿಸಿ ಕೈ ಚಾಚಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಇದೊಂದು ಹೀಗೇ ಇರಲಿ ಬಿಡಿ ರೀ. ಎಷ್ಟು ನೆಮ್ಮದಿಯಾಗಿ ಕಾಣ್ತಿದ್ದೀನಿ ನೋಡಿ."