ಅಂಜಲ್ ಕಾರ್ಡಿನ ಪ್ರಥಮ ಮುದ್ರಣ

"ಪರದೇಶದವರು ಮಾಡಬಹುದು, ಕೋಟದ ಉಮಾನಾಥ ಮಾಡಬಾರದಾ?" ಎಂದು ನಾನು ಎದೆ ತಟ್ಟಿಕೊಂಡದ್ದೇ ಇಷ್ಟಕ್ಕೆಲ್ಲ ಮೂಲ!

ಮಗಳು ಮೋಕ್ಷಿತಾಳ ಕ್ಲಾಸಿನ ಮಕ್ಕಳೆಲ್ಲ ಎಂಥದ್ದೋ ವಿದೇಶಿ ರಾಕ್ಷಸರ ಕಾರ್ಡು ಕೂಡಿಸಿ, ಅದಲು ಬದಲು ಮಾಡಿಕೊಂಡು ಆಡುತ್ತಿದ್ದರು. ಇವಳ ಹತ್ತಿರ ಒಂದೂ ಇಲ್ಲ. ಹಾಗಾಗಿ ಆಟಕ್ಕೇ ಸೇರಿಸುವುದಿಲ್ಲ! ಹುಡುಗಿ ಮುಖ ಊದಿಸಿಕೊಂಡು ಅಳುತ್ತಿದ್ದರೆ ನನಗೆ ತಡೆಯಲಾಗಲಿಲ್ಲ.

"ರಾಕ್ಷಸ ಎಂತಕ್ಕೆ ಮಗಾ? ನಮ್ ಸಮುದ್ರದಗೆ ಮೀನ್ ಇಲ್ಯಾ? ಮೀನಿನ ಕಾರ್ಡ್ ನಾನೇ ಅಚ್ಚ್ ಹಾಕಿಸ್ತೆ!"

ಮಾರ್ಕೆಟ್ಟಿನಲ್ಲಿ ಮೀನು ಮಾರುವ ನನ್ನ ಹೆಂಡತಿ ವನಜ ಬುಟ್ಟಿ ತೊಳೆಯುತ್ತಾ ಹೇಳಿದಳು, "ಹಾಕ್ಸಿ. ಅಚ್ಚಿಗೆ ಮುಂಚೆ ಒಂದ್ ಸಲ ಕಣ್ಬಿಟ್ಟ್ ಕಾಣಿ ಮಾತ್ರ."

"ನಂಗೆ ಹೇಳ್ಕೊಡೂಕ್ ಬರ್ಬೇಡ!"

ಬಂಗುಡೆ, ಕಾಣೆ, ಏಡಿ, ಎಲ್ಲದರ ಗುಣಲಕ್ಷಣ ಬರೆದೆ. ದಿನಾ ಸಿಗುವ ಅಗ್ಗದ ಬೈಗೆ ಮೀನಿಗೆ ಕನಿಷ್ಠ ಶಕ್ತಿ. ಅಂಜಲ್‌ಗೆ ಮೀನುಗಳ ರಾಣಿಯ ಪಟ್ಟ! ವನಜ ದೊಡ್ಡ ಅಂಜಲ್ ಎತ್ತಿ ಹಿಡಿದ ಫೋಟೋ ಇತ್ತು. ಅದನ್ನೂ ಬರೆದದ್ದನ್ನೂ ಸಾಸ್ತಾನದಲ್ಲಿ ಪ್ರೆಸ್ ಇಟ್ಟ ಅಜಿತನಿಗೆ ವಾಟ್ಸಾಪ್ ಮಾಡಿ, "ಬೇಡದ್ದನ್ನ ಕತ್ತರ್ಸ್" ಎಂದೆ. ಅವನು ಮಾದರಿ ಕಳಿಸಿದ. ನಾನು ತೆರೆದೂ ನೋಡದೆ ಹೆಬ್ಬೆರಳು ಎತ್ತಿದ ಚಿತ್ರ ಒತ್ತಿದೆ.

ಕಾರ್ಡಿನ ಕಟ್ಟು ಬಂತು. ಮೋಕ್ಷಿತಾ ಅದನ್ನು ಹಾಗೇ ಶಾಲೆಗೆ ಒಯ್ದು ಹಂಚಿದಳು.

ಸಂಜೆ ವನಜ ಬಂದಳು. ಬಂದಳು ಅಂದರೆ ತೂಫಾನೇ ಬಂತು!

"ಹ್ವಾಯ್, ಮಗಳ ಕ್ಲಾಸಿನ ತೃಷಾ ಅಂಬ ಹೆಣ್ಣ್ ಅಮ್ಮನ ಒಟ್ಟಿಗೆ ಬಂದ್, ಮಾರ್ಕೆಟಿನಗೆ ಎಲ್ರೆದ್ರಿಗೆ ‘ನೀವೇ ಅಂಜಲಾ’ ಕೇಂತ್! ಇದನ್ ಓದಿ ಕಾಂಬ!"

ಕಾರ್ಡಿನಲ್ಲಿ ಮೀನೇ ಇಲ್ಲ. ವನಜಳ ನಗುಮುಖ! ಕೆಳಗೆ ನನ್ನದೇ ಮಹಾಸಾಹಿತ್ಯ: "ಹಲ್ಲು ಬಹಳ ಹರಿತ. ವಯಸ್ಸಾದಂತೆ ತೂಕ ಜಾಸ್ತಿ."

ಅಂಜಲ್ ಮುಂದೆ ಅಂಜಿ ನಿಂತೆ.

"ಅದ್ ಮೀನಿನ ತೂಕ ಮರಾಯ್ತಿ!"

"ಮೀನ್ ಎಲ್ಲಿತ್ತ್?"

ಕೂಡಲೇ ಅಜಿತನಿಗೆ ಫೋನ್ ಮಾಡಿ, ನನ್ನ ತಪ್ಪಲ್ಲವೆಂದು ಅವಳಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ.

"ಬೇಡದ್ದ್ ಕತ್ತರ್ಸ್ ಅಂದ್ರಿ. ವನಜಕ್ಕನ್ನ ಬೇಡ ಅಂಬುಕೆ ನಂಗ್ ಧೈರ್ಯ ಇತ್ತಾ? ಮೀನ್ ಕತ್ತರ್ಸಿದೆ!"

"ಕಾಣಿ! ಅವ್ನಿಗಿಪ್ಪು ಬುದ್ಧಿ ನಿಮ್ಗಿಲ್ಲೆ!" ಎಂದು ವನಜ ಬೊಬ್ಬೆ ಹಾಕುವಷ್ಟರಲ್ಲಿ ಮೋಕ್ಷಿತಾ ಓಡಿ ಬಂದಳು. ಹಿಂದೆ ಅಂಗಳ ತುಂಬ ಮಕ್ಕಳು!

"ಅಮ್ಮಾ! ಎಲ್ರಿಗೂ ನಿನ್ ಕಾರ್ಡೇ ಬೇಕಂಬ್ರ್! ನನ್ನನ್ ಆಟಕ್ ಸೇರ್ಸ್ಕಂಡ್ರ್!"

ವನಜಳ ಸಿಟ್ಟು ಅಲ್ಲೇ ಇಳಿಯಿತು. ಮಗಳನ್ನು ಎಳೆದು ಅಪ್ಪಿಕೊಂಡು, ನನ್ನ ಕಡೆ ತಿರುಗಿ ಹೇಳಿದಳು, "ಹೆಣ್ಣ್ ನಗಾಡ್ತಲೆ, ಅದೇ ಸಾಕ್. ಎರಡ್ನೇ ಸಲಕ್ಕೆ ನಿಮ್ದೂ ಒಂದ್ ಹಾಕ್ವ. ಬರ್ಕಣಿ: ಬೈಗೆ. ಮುಳ್ಳ್ ಜಾಸ್ತಿ. ಆರೆ ಇದಿಲ್ದಿರೆ ಊಟ ಸೇರುದಿಲ್ಲ."

ನಿಜ ಹೇಳುತ್ತೇನೆ, ನನಗೆ ಕಣ್ಣಲ್ಲಿ ನೀರು ಬಂತು. ಇಂಥ ಹೆಂಡತಿ ಸಿಕ್ಕಿದ್ದು ನನ್ನ ಪುಣ್ಯ! ಆ ಅಜಿತನ ಕತ್ತರಿಗೂ ಕೈ ಮುಗಿದೆ. ಈ ಸಲ ಮಾದರಿಯನ್ನು ಕನ್ನಡಕ ಹಾಕಿಕೊಂಡು ನೋಡಿಯೇ ಅಚ್ಚಿಗೆ ಬಿಟ್ಟೆ.

ಹೊಸ ಕಾರ್ಡು ಶಾಲೆಗೆ ಹೋದ ದಿನ, ಮಗಳು ಬರುವುದನ್ನೇ ಬಾಗಿಲಲ್ಲಿ ಕಾದು ಮೀಸೆ ತಿರುವುತ್ತಾ ಕೇಳಿದೆ, "ಹೇಳ್ ಮಗಾ, ಅಪ್ಪಯ್ಯನ ಕಾರ್ಡ್ ಹ್ಯಾಂಗ್ ಹೋತಾ ಇತ್ತ್?"

ಮೋಕ್ಷಿತಾ ಚೀಲ ಇಳಿಸಿ ನಿಟ್ಟುಸಿರು ಬಿಟ್ಟಳು.

"ಎಂತ ಹೇಳುದ್ ಅಪ್ಪಯ್ಯ? ಹತ್ತ್ ಅಪ್ಪಯ್ಯ ಕೊಟ್ರೂ ಒಂದ್ ಅಮ್ಮ ಸಿಕ್ಕುದಿಲ್ಲ!"